ಕಚೇರಿಯ ಕಾಗದ ಯಾರ ವಶದಲ್ಲಿ?

ಕನ್ನಡ ನಾಡಿನ ಕಚೇರಿಗಳಲ್ಲಿ ಫೈಲಿಗೆ ಇಂದಿಗೂ 'ಕಡತ' ಎಂಬ ಮಾತು ಬಳಕೆಯಲ್ಲಿದೆ. ಆ ಮಾತು ಮೊದಲು ಯಾವ ವಸ್ತುವನ್ನು ಸೂಚಿಸುತ್ತಿತ್ತು ಎಂಬುದನ್ನು ಬಲ್ಲವರು ಈಗ ಕಡಿಮೆ. ಬಟ್ಟೆಗೆ ಇದ್ದಿಲ ಪುಡಿಯನ್ನೂ ಹುಣಿಸೆಬೀಜದ ಅಂಟನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಮಾಡುತ್ತಿದ್ದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವೆನಿಸಿದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಹಳ್ಳಿಯಲ್ಲಿ ಲೆಕ್ಕಪತ್ರಗಳು ಶಾನುಭೋಗರ ಮನೆಯಲ್ಲಿರುತ್ತಿದ್ದವು. ಹೊಲ ರೈತನದು, ಕಂದಾಯ ಸರಕಾರದ್ದು, ಆದರೆ ಲೆಕ್ಕ ಮಾತ್ರ ಶಾನುಭೋಗರ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯ ಬೀಗದ ಕೈ ಅವರ ಬಳಿ ಇದ್ದುದೇ ಅವರ ಅಧಿಕಾರದ ಬಹುಭಾಗವಾಗಿತ್ತು. ವಂಶಪಾರಂಪರ್ಯವಾಗಿ ಬಂದ ಈ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಲು 1961ರಲ್ಲಿ ಒಂದು ಶಾಸನವೇ ಬೇಕಾಯಿತು.

ಕಾಗದಪತ್ರವೆಂದ ಕೂಡಲೇ ನಾವು ಸಾಮಾನ್ಯವಾಗಿ ಇಬ್ಬರನ್ನು ಮಾತ್ರ ನೆನೆಯುತ್ತೇವೆ: ಬರೆದವರು ಒಬ್ಬರು, ಓದುವವರು ಇನ್ನೊಬ್ಬರು. ಮೂರನೆಯವರೊಬ್ಬರಿದ್ದಾರೆ, ಅವರು ಕಾಗದವನ್ನು ಇಟ್ಟುಕೊಂಡಿರುವವರು. ಇಂದು ಸಣ್ಣ ಸಹಕಾರ ಸಂಘದಿಂದ ಹಿಡಿದು ಸರಕಾರದ ಇಲಾಖೆಯವರೆಗೆ ಎಲ್ಲ ಸಂಸ್ಥೆಗಳ ವ್ಯವಹಾರವೂ ಇ-ಮೇಲ್ ಮೂಲಕ ನಡೆಯುತ್ತದೆ. ಅದರಲ್ಲಿಯೂ 'ಕ್ಲೌಡ್' ಎಂದು ಕರೆಯಲಾಗುವ ಏರ್ಪಾಡಿನಲ್ಲಿ, ಸಂಸ್ಥೆಯ ಕಾಗದಗಳೆಲ್ಲ ಎಲ್ಲೋ ದೂರದಲ್ಲಿ, ಬಾಡಿಗೆ ಕೊಟ್ಟು ಪಡೆದ ಜಾಗದಲ್ಲಿ ಇರುತ್ತವೆ. ಆ ಮೂರನೆಯವರು ಕಚೇರಿಯ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಪರದೇಶಕ್ಕೆ ಹೇಗೆ ಸರಿದರು, ಅದರಿಂದ ನಮಗೆ ಒದಗಿದ್ದೇನು, ಕೈಬಿಟ್ಟದ್ದೇನು ಎಂಬ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಈ ಕಥೆ ಮೊದಲಾಗುವುದು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ. 1960ರ ದಶಕದ ಆರಂಭದಲ್ಲಿ ಅಲ್ಲಿ ಒಂದೇ ದೊಡ್ಡ ಗಣಕಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಏರ್ಪಾಡು ರೂಪುಗೊಂಡಿತ್ತು. ಎಲ್ಲರ ಬರಹವೂ ಒಂದೇ ಯಂತ್ರದಲ್ಲಿ ಸಂಗ್ರಹವಾಗುತ್ತಿದ್ದುದರಿಂದ, ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದುದನ್ನು ಬರೆದು, ಅದಕ್ಕೆ ಅವರ ಹೆಸರಿಟ್ಟು, ಎಲ್ಲರಿಗೂ ಕಾಣುವ ಜಾಗದಲ್ಲಿ ಬಿಟ್ಟುಹೋಗುವ ರೂಢಿ ಬೆಳೆಯಿತು. ಇದನ್ನು ಕಂಡ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಎಂಬ ತರುಣರು 1965ರಲ್ಲಿ 'ಮೇಲ್' ಎಂಬ ಆಜ್ಞೆಯೊಂದನ್ನು ರಚಿಸಿದರು. ಕಾಗದವು ಪಡೆಯುವವರ ಪೆಟ್ಟಿಗೆಯಲ್ಲಿ ಹೋಗಿ ಕುಳಿತುಕೊಳ್ಳುವಂತಾಯಿತು. 1971ರಲ್ಲಿ ಅದೇ ಕೇಂಬ್ರಿಜ್ ಊರಿನ ಒಂದು ಕಂಪನಿಯಲ್ಲಿದ್ದ ರೇ ಟಾಮ್ಲಿನ್ಸನ್, ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಜಾಲದ ಮೂಲಕ ಕಾಗದ ಕಳುಹಿಸಿ ತೋರಿಸಿದರು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಅವರು ಆರಿಸಿಕೊಂಡ '@' ಚಿಹ್ನೆ ಇಂದು ಲೋಕವೆಲ್ಲ ಬಲ್ಲದ್ದು.

ಈ ಚಿಹ್ನೆಯನ್ನು ಸ್ವಲ್ಪ ಗಮನಿಸಬೇಕು. ಅದರ ಎಡಕ್ಕಿರುವುದು ಮನುಷ್ಯನ ಹೆಸರು. ಬಲಕ್ಕಿರುವುದು ಕಾಗದವನ್ನು ಪಡೆದು ಇಟ್ಟುಕೊಳ್ಳುವ ಯಂತ್ರದ ಹೆಸರು. ಅಂದರೆ ಆ ಮೂರನೆಯವರು ವಿಳಾಸದೊಳಗೇ ಇದ್ದರು. ಆದರೆ ಆಗ ಆ ಯಂತ್ರ ಪಕ್ಕದ ಕೋಣೆಯಲ್ಲಿತ್ತು. ಅದನ್ನು ನೋಡಿಕೊಳ್ಳುವವರು ಸಂಸ್ಥೆಯ ಸಂಬಳಗಾರರೇ ಆಗಿದ್ದರು. ಆದಕಾರಣ ಅದರ ಬಗೆಗೆ ಯಾರೂ ಹೆಚ್ಚಾಗಿ ಯೋಚಿಸಲಿಲ್ಲ.

ಯೋಚಿಸಲೇಬೇಕಾದ ಸಂದರ್ಭ 1986ರಲ್ಲಿ ಬಂದಿತು. ಐ.ಬಿ.ಎಂ. ಕಂಪನಿ ದೊಡ್ಡ ಕಚೇರಿಗಳಿಗೆಂದು ತಯಾರಿಸಿದ್ದ 'ಪ್ರಾಫ್ಸ್' ಎಂಬ ಅಂಚೆವ್ಯವಸ್ಥೆಯನ್ನು ಅಮೆರಿಕದ ಅಧ್ಯಕ್ಷರ ನಿವಾಸವಾದ ಶ್ವೇತಭವನದ ರಾಷ್ಟ್ರೀಯ ಭದ್ರತಾ ಮಂಡಳಿ ಬಳಸುತ್ತಿತ್ತು. ಇರಾನಿಗೆ ಗುಪ್ತವಾಗಿ ಶಸ್ತ್ರಗಳನ್ನು ಮಾರಿ, ಬಂದ ಹಣದಲ್ಲಿ ಒಂದು ಪಾಲನ್ನು ನಿಕರಾಗುವಾದ ಬಂಡುಕೋರರಿಗೆ ದಾಟಿಸಿದ ಹಗರಣ ಆ ವರ್ಷದ ನವೆಂಬರಿನಲ್ಲಿ ಬಯಲಾಗತೊಡಗಿತು. ಮಂಡಳಿಯ ಮುಖ್ಯಸ್ಥ ಜಾನ್ ಪಾಯಿಂಡೆಕ್ಸ್‌ಟರ್ ಮತ್ತು ಅವರ ಕೈಕೆಳಗಿನ ಆಲಿವರ್ ನಾರ್ತ್ ತಮ್ಮ ತಮ್ಮ ಯಂತ್ರಗಳ ಮುಂದೆ ಕುಳಿತು ಕಾಗದಗಳನ್ನು ಒಂದೊಂದಾಗಿ ಅಳಿಸಿದರು. ಪಾಯಿಂಡೆಕ್ಸ್‌ಟರ್ ಅಳಿಸಿದವೇ ಐದು ಸಾವಿರಕ್ಕೂ ಹೆಚ್ಚು. ಕಡತದ ಬಳಪದ ಬರಹವನ್ನು ಒರೆಸಿದಂತೆ ಇದೂ ಒರೆಸಿಹೋಯಿತೆಂದು ಇಬ್ಬರೂ ನಂಬಿದ್ದರು.

ಆದರೆ ಒರೆಸಿಹೋಗಿರಲಿಲ್ಲ. ಶ್ವೇತಭವನದ ಸಂಪರ್ಕ ವಿಭಾಗದವರು ಯಂತ್ರ ಕೆಟ್ಟರೆ ಇರಲಿ ಎಂದು ಎಲ್ಲವನ್ನೂ ಕಾಲಕಾಲಕ್ಕೆ ಟೇಪುಗಳ ಮೇಲೆ ನಕಲು ಮಾಡಿಡುತ್ತಿದ್ದರು. ಅಳಿಸುವುದಕ್ಕೆ ಮುಂಚಿನ ಟೇಪುಗಳು ಭದ್ರವಾಗಿದ್ದವು. ಅಧ್ಯಕ್ಷ ರೇಗನ್ ನೇಮಿಸಿದ್ದ ಟವರ್ ಸಮಿತಿಯ ತನಿಖೆಗೆ ಅವು ದೊರೆತವು. 1987ರ ಫೆಬ್ರವರಿಯಲ್ಲಿ ಪ್ರಕಟವಾದ ಅದರ ವರದಿಯಲ್ಲಿ ಅಳಿಸಿದ ಕಾಗದಗಳು ಅಚ್ಚಾಗಿ ಬಂದವು. ಅಳಿಸುವ ಗುಂಡಿಯೊತ್ತಿದರೆ ಕಾಗದ ಶಾಶ್ವತವಾಗಿ ಹೋಗುವುದೆಂದು ತಾವೆಲ್ಲ ಪ್ರಾಮಾಣಿಕವಾಗಿ ನಂಬಿದ್ದುದಾಗಿ ನಾರ್ತ್ ಆ ವರ್ಷ ಸಂಸತ್ತಿನ ವಿಚಾರಣೆಯಲ್ಲಿ ಹೇಳಿಕೊಂಡರು. ಕಾಗದವನ್ನು ಬರೆದವನು ಬೇರೆ, ಇಟ್ಟುಕೊಂಡವನು ಬೇರೆ ಎಂಬ ಸತ್ಯ ಅಷ್ಟು ದೊಡ್ಡ ಅಧಿಕಾರಿಗಳಿಗೂ ಆ ದಿನ ತಿಳಿದದ್ದು.

ಇದರ ಮುಂದಿನ ಅಧ್ಯಾಯ ಇನ್ನೂ ಮುಖ್ಯವಾದುದು. 1989ರ ಜನವರಿಯಲ್ಲಿ ರೇಗನ್ ಅಧಿಕಾರ ಬಿಡುವ ಹೊತ್ತಿಗೆ ಟೇಪುಗಳಲ್ಲಿದ್ದುದನ್ನೆಲ್ಲ ಅಳಿಸುವ ಸಿದ್ಧತೆ ನಡೆದಿತ್ತು. ಅಧಿಕಾರ ಹಸ್ತಾಂತರಕ್ಕೆ ಒಂದು ದಿನ ಮುಂಚೆ, ಅಂದರೆ ಜನವರಿ 19ರಂದು, ಪತ್ರಕರ್ತ ಸ್ಕಾಟ್ ಆರ್ಮ್‌ಸ್ಟ್ರಾಂಗ್ ಮತ್ತು 'ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್' ಎಂಬ ಖಾಸಗಿ ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿ ತಡೆಯಾಜ್ಞೆ ತಂದರು. ಸರಕಾರದ ವಾದ ಸರಳವಾಗಿತ್ತು: ಮುಖ್ಯವಾದ ಕಾಗದಗಳನ್ನು ಅಚ್ಚುಹಾಕಿ ಫೈಲಿನಲ್ಲಿ ಇಟ್ಟಿದ್ದರೆ ಸಾಕು, ಯಂತ್ರದಲ್ಲಿರುವುದು ಬರಿಯ ನಕಲು. 1993ರ ಜನವರಿಯಲ್ಲಿ ನ್ಯಾಯಾಧೀಶ ಚಾರ್ಲ್ಸ್ ರಿಚಿ ಈ ವಾದವನ್ನು ಒಪ್ಪಲಿಲ್ಲ. ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಅಭಿಪ್ರಾಯವನ್ನು ಎತ್ತಿಹಿಡಿಯಿತು. ಕಾಗದ ಯಾರು ಯಾರಿಗೆ ಹೋಯಿತು, ಯಾವಾಗ ಮುಟ್ಟಿತು ಎಂಬ ವಿವರಗಳು ಅಚ್ಚಿನ ಪ್ರತಿಯಲ್ಲಿ ಇರಲೇಬೇಕೆಂದಿಲ್ಲ. ಆದಕಾರಣ ಯಂತ್ರದಲ್ಲಿರುವುದೇ ದಾಖಲೆ, ಅಚ್ಚಿನದು ಅದರ ಅರೆನೆರಳು ಎಂಬುದು ತೀರ್ಪಿನ ತಿರುಳು. ಕಚೇರಿಯ ಇ-ಮೇಲ್ ಹರಟೆಯಲ್ಲ, ಚರಿತ್ರೆಯ ಆಕರ ಎಂಬ ಮಾತು ಕಾನೂನಿನ ಮನ್ನಣೆ ಪಡೆದದ್ದು ಹೀಗೆ.

ಇದುವರೆಗೆ ಹೇಳಿದ ಯಂತ್ರಗಳೆಲ್ಲ ಸಂಸ್ಥೆಗಳ ಆವರಣದಲ್ಲಿಯೇ ಇದ್ದವು. ಅವು ಹೊರಗೆ ಹೋದ ಬಗೆ ವಿಚಿತ್ರವಾದುದು. ಚಂಡೀಗಢದಲ್ಲಿ ಹುಟ್ಟಿ ನಮ್ಮ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಕ್ಯಾಲಿಫೋರ್ನಿಯದ ಒಂದು ಕಂಪನಿಯಲ್ಲಿ ಜ್ಯಾಕ್ ಸ್ಮಿತ್ ಎಂಬ ಗೆಳೆಯನೊಡನೆ ಕೆಲಸಕ್ಕಿದ್ದರು. ಇಬ್ಬರೂ ಸ್ವಂತ ಉದ್ಯಮವೊಂದನ್ನು ಹೂಡುವ ಯೋಚನೆಯಲ್ಲಿದ್ದರು. ಆ ಬಗೆಗೆ ಕಚೇರಿಯ ಅಂಚೆಯಲ್ಲಿ ಬರೆದುಕೊಂಡರೆ ಯಜಮಾನರ ಕಣ್ಣಿಗೆ ಬೀಳುವ ಭಯ. ಸ್ವಂತ ಅಂಚೆಯನ್ನು ಕಚೇರಿಯಿಂದ ತೆರೆಯಲು ಜಾಲದ ತಡೆಗೋಡೆ ಅಡ್ಡ. ಯಾವ ಊರಿನ ಯಾವ ಯಂತ್ರದಿಂದಾದರೂ ತೆರೆಯಬಹುದಾದ, ಯಾವ ಸಂಸ್ಥೆಗೂ ಸೇರದ ಅಂಚೆಪೆಟ್ಟಿಗೆಯ ಕಲ್ಪನೆ ಅವರಿಗೆ ಹೊಳೆದದ್ದು ಈ ಪೇಚಿನಿಂದ. 1996ರ ಜುಲೈ 4ರಂದು ಅವರ ಹಾಟ್‌ಮೇಲ್ ಆರಂಭವಾಯಿತು. ಮರುವರ್ಷದ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡುಕೊಂಡಿತು. ಕಚೇರಿಯ ಕಣ್ಣು ತಪ್ಪಿಸಲು ಹುಟ್ಟಿದ ಈ ವಿಧಾನವನ್ನೇ ಮುಂದೆ ಹತ್ತು ವರ್ಷ ಕಳೆಯುವುದರೊಳಗೆ ಕಚೇರಿಗಳು ತಮ್ಮದಾಗಿ ಮಾಡಿಕೊಂಡವು.

ಅದಕ್ಕೆ ಕಾರಣವಿತ್ತು. ಸಂಸ್ಥೆಯೊಳಗೆ ಅಂಚೆಯ ಯಂತ್ರವನ್ನು ಸಾಕುವುದು ಆನೆಯನ್ನು ಸಾಕಿದಂತೆ. ಅದಕ್ಕೆ ತಂಪಾದ ಕೋಣೆ ಬೇಕು, ಕಡಿಯದ ವಿದ್ಯುತ್ತು ಬೇಕು, ಹಗಲಿರುಳು ನೋಡಿಕೊಳ್ಳುವ ನಿಪುಣರು ಬೇಕು. ಪ್ರತಿದಿನ ನಕಲು ತೆಗೆಯಬೇಕು, ಕಳ್ಳಕಾಗದಗಳನ್ನೂ ವೈರಸ್ಸುಗಳನ್ನೂ ತಡೆಯಬೇಕು. ಹತ್ತಿಪ್ಪತ್ತು ಜನರ ಸಂಸ್ಥೆಗೆ ಇದು ಸಾಧ್ಯವಾಗುವ ಮಾತಲ್ಲ. 2004ರ ಏಪ್ರಿಲ್ 1ರಂದು ಗೂಗಲ್ ಕಂಪನಿ ಒಬ್ಬೊಬ್ಬರಿಗೂ ಒಂದು ಗಿಗಾಬೈಟ್ ಜಾಗವುಳ್ಳ ಜಿ-ಮೇಲನ್ನು ಪ್ರಕಟಿಸಿದಾಗ, ಅಲ್ಲಿಯವರೆಗೆ ಎರಡು ನಾಲ್ಕು ಮೆಗಾಬೈಟುಗಳಲ್ಲಿ ಕಾಲ ಹಾಕುತ್ತಿದ್ದ ಜನ, ತಾರೀಖನ್ನು ನೋಡಿ ಇದು ತಮಾಷೆಯೆಂದೇ ಭಾವಿಸಿದರು. 2006ರಲ್ಲಿ ಅದೇ ಕಂಪನಿ, ಸಂಸ್ಥೆಗಳು ತಮ್ಮ ಹೆಸರಿನ ವಿಳಾಸವನ್ನೇ ಇಟ್ಟುಕೊಂಡು ಆ ಸೇವೆಯನ್ನು ಬಳಸುವ ಅವಕಾಶವನ್ನು ಕಲ್ಪಿಸಿತು. 2011ರಲ್ಲಿ ಮೈಕ್ರೋಸಾಫ್ಟಿನ 'ಆಫೀಸ್ 365' ಬಂದಿತು. ತಲೆಯೆಣಿಕೆಯ ಮೇಲೆ ಬಾಡಿಗೆ ತೆತ್ತರೆ ಮುಗಿಯಿತು; ಆನೆಯನ್ನು ಬೇರೆಯವರೇ ಸಾಕುತ್ತಾರೆ.

ಇಂಥ ಸೇವೆಗೆ 'ಮೋಡ' ಎಂಬರ್ಥದ ಹೆಸರು ಬರಲು ಕಾರಣ ಸರಳವಾಗಿದೆ. ಜಾಲದ ನಕ್ಷೆಗಳನ್ನು ಬರೆಯುವ ಎಂಜಿನಿಯರುಗಳು, ತಮ್ಮ ಅಧೀನದಲ್ಲಿಲ್ಲದ ಹೊರಗಿನ ಭಾಗವನ್ನು ವಿವರವಾಗಿ ತೋರಿಸುವ ಬದಲು ಒಂದು ಮೋಡದ ಚಿತ್ರ ಬರೆದು ಬಿಡುತ್ತಿದ್ದರು. 'ಇದರೊಳಗೇನಿದೆ ಎಂದು ಕೇಳಬೇಡಿ' ಎಂಬುದು ಆ ಚಿತ್ರದ ಅರ್ಥ. ನಿಜವಾಗಿ ಅದರೊಳಗೆ ಇರುವುದು ಗಟ್ಟಿಯಾದ ಕಟ್ಟಡಗಳು, ಸಾಲುಗಟ್ಟಿ ನಿಂತ ಯಂತ್ರಗಳು, ಮತ್ತು ಅವುಗಳಿಗೆ ಬೀಗ ಹಾಕುವ ಮನುಷ್ಯರು. ಆ ಕಟ್ಟಡ ಯಾವುದಾದರೊಂದು ದೇಶದಲ್ಲಿರುತ್ತದೆ. ಆ ಮನುಷ್ಯರು ಯಾವುದಾದರೊಂದು ಕಾನೂನಿಗೆ ಒಳಪಟ್ಟಿರುತ್ತಾರೆ.

ಈ ಏರ್ಪಾಡಿನ ಹಿರಿಮೆಯನ್ನು ಮರೆಯಬಾರದು. ಒಂದು ಉದಾಹರಣೆಯನ್ನು ನೋಡಿ. 2011ರ ಫೆಬ್ರವರಿ ಕೊನೆಯಲ್ಲಿ, ಗೂಗಲ್ ತನ್ನ ಸಂಗ್ರಹವ್ಯವಸ್ಥೆಯನ್ನು ಪರಿಷ್ಕರಿಸುವಾಗ ನುಸುಳಿದ ದೋಷವೊಂದರಿಂದ, ಬಳಕೆದಾರರಲ್ಲಿ ಸೇಕಡಾ 0.02ರಷ್ಟು ಜನರ ಪೆಟ್ಟಿಗೆಗಳು ಇದ್ದಕ್ಕಿದ್ದಂತೆ ಬರಿದಾದವು. ಬೇರೆ ಬೇರೆ ಕೇಂದ್ರಗಳಲ್ಲಿದ್ದ ನಕಲುಗಳಿಗೂ ಅದೇ ದೋಷ ತಟ್ಟಿತ್ತು. ಆದರೂ ಕಾಗದಗಳು ಮರಳಿ ಬಂದವು. ಜಾಲದಿಂದ ಪ್ರತ್ಯೇಕಿಸಿ ಟೇಪುಗಳ ಮೇಲೆ ಇನ್ನೊಂದು ನಕಲನ್ನು ಅವರು ಇಟ್ಟಿದ್ದರು. 1986ರಲ್ಲಿ ಅಧಿಕಾರಿಗಳ ಗುಟ್ಟನ್ನು ಬಯಲಿಗೆಳೆದ ಟೇಪಿನಂಥದೇ ಟೇಪು ಇಲ್ಲಿ ಜನರ ಕಾಗದಗಳನ್ನು ಉಳಿಸಿತು. ಅಷ್ಟು ಎಚ್ಚರಿಕೆ ಸ್ವಂತ ಯಂತ್ರವುಳ್ಳ ಎಷ್ಟು ಸಂಸ್ಥೆಗಳಲ್ಲಿ ಇದ್ದೀತು? ಕಾಗದ ಕಳೆದುಹೋಗುವ ಭಯದ ಮಟ್ಟಿಗೆ ಹೇಳುವುದಾದರೆ ಬಾಡಿಗೆಯ ಪೆಟ್ಟಿಗೆಯೇ ಹೆಚ್ಚು ಭದ್ರ.

ತೊಂದರೆ ಇರುವುದು ಕಳೆದುಹೋಗುವುದರಲ್ಲಿ ಅಲ್ಲ, ಕೈಗೆ ಸಿಗದಿರುವುದರಲ್ಲಿ. ಮತ್ತು ಬೇರೆಯವರ ಕೈಗೆ ಸಿಗುವುದರಲ್ಲಿ. ಅಮೆರಿಕ 1986ರಲ್ಲಿಯೇ ವಿದ್ಯುನ್ಮಾನ ಸಂಪರ್ಕದ ಖಾಸಗಿತನಕ್ಕೆ ಒಂದು ಕಾನೂನು ಮಾಡಿತ್ತು. ಆಗ ಸಂಗ್ರಹದ ಜಾಗ ತುಂಬ ದುಬಾರಿ. ಕಾಗದ ಬಂದೊಡನೆ ಜನ ಅದನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳುತ್ತಿದ್ದರು. ಆರು ತಿಂಗಳಾದರೂ ಹೊರಗಿನ ಯಂತ್ರದಲ್ಲಿಯೇ ಉಳಿದದ್ದು ಒಡೆಯನಿಗೆ ಬೇಡವಾದದ್ದೆಂದು ಕಾನೂನು ಭಾವಿಸಿತು. 180 ದಿನಗಳಿಗಿಂತ ಹಳೆಯ ಕಾಗದವನ್ನು ನ್ಯಾಯಾಧೀಶರ ವಾರಂಟ್ ಇಲ್ಲದೆ, ಅದಕ್ಕಿಂತ ಹಗುರವಾದ ಆಜ್ಞೆಯಿಂದಲೇ ಪೊಲೀಸರು ತರಿಸಿಕೊಳ್ಳಬಹುದಾಗಿತ್ತು. ಜನರ ಸಮಸ್ತ ಪತ್ರವ್ಯವಹಾರವೂ ವರ್ಷಾನುಗಟ್ಟಲೆ ಹೊರಗಿನ ಯಂತ್ರದಲ್ಲಿಯೇ ನೆಲೆಸುವ ಕಾಲ ಬಂದೀತೆಂದು ಆ ಕಾನೂನನ್ನು ಬರೆದವರು ಎಣಿಸಿರಲಿಲ್ಲ. 2010ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯವು ಇದಕ್ಕೂ ವಾರಂಟ್ ಬೇಕೆಂದು ತೀರ್ಮಾನಿಸಿತು.

ಬಳಿಕ ಬಂದ ಪ್ರಶ್ನೆ ಇನ್ನೂ ತೊಡಕಿನದು. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಒಬ್ಬ ಬಳಕೆದಾರನ ಕಾಗದಗಳನ್ನು ಒಪ್ಪಿಸುವಂತೆ ಮೈಕ್ರೋಸಾಫ್ಟಿಗೆ ವಾರಂಟ್ ನೀಡಿತು. ಕಾಗದಗಳಿದ್ದುದು ಐರ್ಲೆಂಡಿನ ಡಬ್ಲಿನ್ ನಗರದ ಯಂತ್ರದಲ್ಲಿ. ಅಮೆರಿಕದ ವಾರಂಟ್ ಐರ್ಲೆಂಡಿನ ನೆಲದಲ್ಲಿ ನಡೆಯದೆಂದು ಕಂಪನಿ ವಾದಿಸಿತು. ಕಾಗದ ಎಲ್ಲಿದ್ದರೇನು, ಅಮೆರಿಕದಲ್ಲಿ ಕುಳಿತೇ ಕಂಪನಿ ಅದನ್ನು ತೆರೆಯಬಹುದಲ್ಲವೆ ಎಂದು ಸರಕಾರ ಕೇಳಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ತೀರ್ಪಿತ್ತಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದಲ್ಲಿರುವಾಗಲೇ, 2018ರ ಮಾರ್ಚಿನಲ್ಲಿ, ಅಮೆರಿಕದ ಸಂಸತ್ತು ಹೊಸ ಕಾನೂನನ್ನು ಮಾಡಿತು: ತನ್ನ ಅಧಿಕಾರಕ್ಕೆ ಒಳಪಟ್ಟ ಕಂಪನಿಯ ವಶದಲ್ಲಿರುವ ಕಾಗದ ಯಾವ ದೇಶದಲ್ಲಿದ್ದರೂ ಕಾನೂನುಬದ್ಧ ವಾರಂಟ್ ಬಂದಾಗ ಒಪ್ಪಿಸಬೇಕು. ಏಪ್ರಿಲಿನಲ್ಲಿ ನ್ಯಾಯಾಲಯ ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ಪೆಟ್ಟಿಗೆ ಎಲ್ಲಿದೆ ಎಂಬುದಕ್ಕಿಂತ ಬೀಗದ ಕೈ ಯಾರ ಬಳಿ ಇದೆ ಎಂಬುದೇ ಮುಖ್ಯವೆಂದು ಇದರಿಂದ ಖಚಿತವಾಯಿತು.

ನಮ್ಮ ದೇಶಕ್ಕೆ ಈ ಪಾಠ ತೀರ ಹತ್ತಿರದಿಂದ ತಟ್ಟಿದ್ದು 2025ರಲ್ಲಿ. ಗುಜರಾತಿನ ವಾಡಿನಾರಿನಲ್ಲಿ ವರ್ಷಕ್ಕೆ ಎರಡು ಕೋಟಿ ಟನ್ ಕಚ್ಚಾತೈಲವನ್ನು ಶುದ್ಧೀಕರಿಸಬಲ್ಲ ಸ್ಥಾವರವಿದೆ. ಅದರ ಒಡೆತನ ನಯಾರಾ ಎನರ್ಜಿ ಕಂಪನಿಯದು. ಆ ಕಂಪನಿಯಲ್ಲಿ ರಷ್ಯದ ರಾಸ್‌ನೆಫ್ಟ್ ಸಂಸ್ಥೆಗೆ ಅರ್ಧಕ್ಕೆ ತುಸು ಕಡಿಮೆ ಪಾಲಿದೆ. ಜುಲೈ 18ರಂದು ಯುರೋಪಿನ ಒಕ್ಕೂಟ ಈ ಕಂಪನಿಯನ್ನು ತನ್ನ ನಿರ್ಬಂಧಗಳ ಪಟ್ಟಿಗೆ ಸೇರಿಸಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ನೀಡುತ್ತಿದ್ದ ಸೇವೆಯನ್ನು ನಿಲ್ಲಿಸಿತು. ನೌಕರರ ಅಂಚೆಪೆಟ್ಟಿಗೆಗಳು ಮುಚ್ಚಿದವು; ಹಣ ತೆತ್ತು ಪಡೆದ ಸೇವೆಯಲ್ಲಿದ್ದ ತಮ್ಮದೇ ಕಾಗದಗಳು ತಮಗೇ ಸಿಗದಂತಾದವು. ಕಂಪನಿ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕು, ಭಾರತದ ಕಾನೂನಾಗಲಿ ಅಮೆರಿಕದ ಕಾನೂನಾಗಲಿ ಇದನ್ನು ಕೇಳಿರಲಿಲ್ಲವೆಂದು ವಾದಿಸಿತು. ಆ ನಡುವೆ ಭಾರತದ ರೆಡಿಫ್ ಸಂಸ್ಥೆಯ ಅಂಚೆ ಅದರ ನೆರವಿಗೆ ಬಂದಿತು. ಜುಲೈ 30ರ ಹೊತ್ತಿಗೆ ಮೈಕ್ರೋಸಾಫ್ಟ್ ಸೇವೆಯನ್ನು ಮರಳಿ ಆರಂಭಿಸಿತು. ಕೆಲವೇ ದಿನಗಳ ಪ್ರಕರಣ ನಿಜ. ಆದರೆ ಒಂದು ದೇಶದ ನೆಲದಲ್ಲಿ, ಆ ದೇಶದ ಕಾನೂನಿನಂತೆ ನಡೆಯುವ ಸಂಸ್ಥೆಯ ಬಾಯಿ ಕಟ್ಟಲು ಯಾರೂ ಗಡಿ ದಾಟಿ ಬರಬೇಕಾಗಿಲ್ಲ ಎಂಬುದು ಆ ದಿನಗಳಲ್ಲಿ ಎಲ್ಲರಿಗೂ ಅರಿವಾಯಿತು.

ನಮ್ಮ ಸರಕಾರ ಈ ವಿಷಯದಲ್ಲಿ ಮೊದಲಿನಿಂದಲೂ ಉದಾಸೀನವಾಗಿತ್ತೆಂದು ಹೇಳಲಾಗದು. 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಸರಕಾರದ ಅಂಚೆವ್ಯವಸ್ಥೆಯನ್ನು ನಡೆಸಿಕೊಂಡು ಬಂದಿತ್ತು. ಸರಕಾರದ ಕೆಲಸಕ್ಕೆ ಈ ಸೇವೆಯನ್ನೇ ಬಳಸಬೇಕು, ಖಾಸಗಿ ವಿಳಾಸಗಳನ್ನು ಬಳಸಕೂಡದು ಎಂಬ ನೀತಿಯನ್ನು 2015ರಲ್ಲಿ ಪ್ರಕಟಿಸಲಾಯಿತು. ಆಮೇಲೆ ಈ ಸೇವೆಯನ್ನು ನಡೆಸುವ ಏಳು ವರ್ಷಗಳ ಗುತ್ತಿಗೆ 2023ರಲ್ಲಿ ತಮಿಳುನಾಡಿನ ಜೋಹೋ ಕಂಪನಿಗೆ ದೊರೆಯಿತು. 2025ರ ಹೊತ್ತಿಗೆ ಸುಮಾರು 12 ಲಕ್ಷ ನೌಕರರ ಪೆಟ್ಟಿಗೆಗಳು ಅಲ್ಲಿಗೆ ವರ್ಗವಾಗಿದ್ದವು. ಇಷ್ಟಾದರೂ ಅಧಿಕಾರಿಗಳ ವಿಳಾಸ ಬದಲಾಗಲಿಲ್ಲ.

ವಿಳಾಸ ಬದಲಾಗದೆ ಪೆಟ್ಟಿಗೆಯನ್ನು ಸಾಗಿಸುವುದು ಹೇಗೆ ಎಂಬುದು ತಿಳಿಯಬೇಕಾದ ಸಂಗತಿ. ಟಾಮ್ಲಿನ್ಸನ್ನರ ಕಾಲದಲ್ಲಿ '@' ಚಿಹ್ನೆಯ ಬಲಕ್ಕೆ ಯಂತ್ರದ ಹೆಸರಿತ್ತೆಂದು ಹೇಳಿದೆನಷ್ಟೆ. ಈಗ ಅಲ್ಲಿರುವುದು ಯಂತ್ರದ ಹೆಸರಲ್ಲ, ಸಂಸ್ಥೆಯ ಹೆಸರು. 1983ರಲ್ಲಿ ರೂಪುಗೊಂಡ ಜಾಲದ ನಾಮವ್ಯವಸ್ಥೆಯಲ್ಲಿ ಪ್ರತಿಯೊಂದು ಹೆಸರಿಗೂ ಒಂದು ದಾಖಲೆ ಇರುತ್ತದೆ. 'ಈ ಹೆಸರಿಗೆ ಬರುವ ಕಾಗದವನ್ನು ಇಂಥ ಯಂತ್ರಕ್ಕೆ ಮುಟ್ಟಿಸಿ' ಎಂಬ ಸಾಲೊಂದನ್ನು ಆ ದಾಖಲೆಯಲ್ಲಿ ಬರೆಯುವ ಪದ್ಧತಿಯನ್ನು 1986ರಲ್ಲಿ ಗೊತ್ತುಪಡಿಸಲಾಯಿತು. ಆ ಒಂದು ಸಾಲನ್ನು ತಿದ್ದಿದರೆ ಮುಂದಿನ ಕಾಗದಗಳೆಲ್ಲ ಹೊಸ ಮನೆಗೆ ಹೋಗುತ್ತವೆ. ಬಾಡಿಗೆಯ ಮನೆಯನ್ನು ಬದಲಾಯಿಸುವ ಸ್ವಾತಂತ್ರ್ಯ ಇರುವುದು ಈ ಸಾಲಿನಲ್ಲಿ. ಆದರೆ ಹೆಸರು ಸಂಸ್ಥೆಯ ಸ್ವಂತದ್ದಾಗಿರಬೇಕು. ಅದನ್ನು ತಿದ್ದುವ ಅಧಿಕಾರ ಸಂಸ್ಥೆಯ ಕೈಯಲ್ಲಿರಬೇಕು. ಹಳೆಯ ಕಾಗದಗಳ ಒಂದು ಪ್ರತಿ ಬೇರೆಡೆ ಇರಬೇಕು. ಈ ಮೂರೂ ಇದ್ದರೆ ಬಾಡಿಗೆದಾರನೂ ನಿಶ್ಚಿಂತೆಯಿಂದ ಇರಬಹುದು.

ನನಗೆ ಹೆಚ್ಚಿನ ಕಳವಳವಿರುವುದು ದೊಡ್ಡ ಕಂಪನಿಗಳ ಬಗೆಗೆ ಅಲ್ಲ. ಅವುಗಳಿಗೆ ವಕೀಲರಿದ್ದಾರೆ, ಉಚ್ಚ ನ್ಯಾಯಾಲಯಕ್ಕೆ ಹೋಗುವ ಶಕ್ತಿ ಇದೆ. ನಮ್ಮ ಊರುಗಳ ವಿದ್ಯಾಸಂಸ್ಥೆಗಳು, ಸಾಹಿತ್ಯ ಸಂಘಗಳು, ಹಾಲು ಉತ್ಪಾದಕರ ಸಂಘಗಳು ಏನು ಮಾಡುತ್ತಿವೆ? ಬಹಳ ಕಡೆ ಕಾರ್ಯದರ್ಶಿಯ ಸ್ವಂತ ವಿಳಾಸವೇ ಸಂಘದ ವಿಳಾಸವಾಗಿರುತ್ತದೆ. ಕಾರ್ಯದರ್ಶಿ ಬದಲಾದರೆ, ಊರು ಬಿಟ್ಟರೆ, ಕಾಲವಾದರೆ ಸಂಘದ ಹತ್ತು ವರ್ಷದ ಪತ್ರವ್ಯವಹಾರ ಅವರೊಡನೆ ಹೋಗುತ್ತದೆ. ಗುಪ್ತಪದ ಗೊತ್ತಿದ್ದವರು ಅವರೊಬ್ಬರೇ. ಇನ್ನು ಕೆಲವು ಕಡೆ ಸಂಘದ ಹೆಸರನ್ನು ನೋಂದಾಯಿಸಿಕೊಟ್ಟ ಹುಡುಗನ ಹೆಸರಿನಲ್ಲಿಯೇ ಅದು ಇರುತ್ತದೆ. ಆ ಹುಡುಗ ಈಗ ಎಲ್ಲಿದ್ದಾನೋ! ನಾವು ಶಾಸನ ಮಾಡಿ ರದ್ದುಪಡಿಸಿದ ಶಾನುಭೋಗಿಕೆಯನ್ನು ನಮಗರಿವಿಲ್ಲದೆ ಮತ್ತೆ ಸ್ಥಾಪಿಸುತ್ತಿದ್ದೇವೆ. ಹಳೆಯ ಶಾನುಭೋಗರಾದರೂ ಅದೇ ಊರಿನಲ್ಲಿರುತ್ತಿದ್ದರು; ಬಾಗಿಲು ತಟ್ಟಿ ಕೇಳಬಹುದಾಗಿತ್ತು.

ಬಾಡಿಗೆಯ ಅಂಚೆ ಬೇಡವೆಂದು ನಾನು ಹೇಳುತ್ತಿಲ್ಲ. ಪ್ರತಿಯೊಂದು ಸಂಘವೂ ಆನೆ ಸಾಕಲು ಹೊರಡಬೇಕಾಗಿಲ್ಲ. ಆದರೆ ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚಿನ ಲೆಕ್ಕ ಕೇಳುವ ಸದಸ್ಯರು ಇನ್ನೆರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಸಂಘದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಅಂಚೆಪೆಟ್ಟಿಗೆಯ ಬೀಗದ ಕೈ ಕನಿಷ್ಠ ಇಬ್ಬರ ಬಳಿಯಾದರೂ ಇದೆಯೆ? ಮುಂದೊಂದು ದಿನ ಆ ಸಂಘದ ಅಥವಾ ಆ ಊರಿನ ಚರಿತ್ರೆಯನ್ನು ಬರೆಯಲು ಯಾರಾದರೂ ಕುಳಿತಾಗ, ಅವರಿಗೆ ಬೇಕಾದ ಆಕರಗಳು ಸಿಗುವುದೂ ಸಿಗದಿರುವುದೂ ಈ ಪ್ರಶ್ನೆಗಳಿಗೆ ಇಂದು ನಾವು ಕೊಡುವ ಉತ್ತರವನ್ನು ಅವಲಂಬಿಸಿದೆ.